ಭೂತಗನ್ನಡಿಯೂ ನಾಭಿದೂರವೂ

ಕಲಾ ಕಾಲೇಜಿನ ಪತ್ರಿಕೆಯಲ್ಲಿ ಮಸೂರದ ಮಾತೇಕೆಂದು ಓದುಗರು ಕೇಳಬಹುದು. ತಾಳೆಗರಿಯ ಹಸ್ತಪ್ರತಿಯನ್ನು ಎದುರಿಗಿಟ್ಟುಕೊಂಡು ಕುಳಿತವರಿಗೆ ಕಾರಣ ಹೇಳಬೇಕಾಗಿಲ್ಲ. ‘ಪ’ಕಾರಕ್ಕೂ ‘ಷ’ಕಾರಕ್ಕೂ ಇರುವ ಭೇದ ಒಂದು ಒಳಗೆರೆ ಮಾತ್ರ, ಕಂಟದಿಂದ ಕೊರೆದ ಆ ಗೆರೆಯ ಮಸಿ ಮಾಸಿ ಕಾಣದೆ ಹೋದರೆ ಶಬ್ದವೇ ಬೇರೆಯಾಗಿ ಪಾಠ ಕೆಡುತ್ತದೆ. ಇಂಥ ಕೆಲಸಕ್ಕೆಂದು ನನ್ನ ಸಹಪಾಠಿಯೊಬ್ಬರು ಅಂಗಡಿಯಲ್ಲಿದ್ದ ಭೂತಗನ್ನಡಿಗಳಲ್ಲೆಲ್ಲ ಅಗಲವಾದುದನ್ನೇ ಆರಿಸಿ ತಂದರು. ನನ್ನಲ್ಲಿದ್ದುದು ನಾಣ್ಯದಷ್ಟಗಲದ ಪುಟ್ಟ ಗಾಜು. ಎರಡರಿಂದಲೂ ಒಂದೇ ಅಕ್ಷರವನ್ನು ನೋಡಿದೆವು. ಹೆಚ್ಚು ಹಿಗ್ಗಿಸಿ ತೋರಿಸಿದ್ದು ಪುಟ್ಟದೇ.

ಗಾಜು ಅಗಲವಾದರೆ ಒಮ್ಮೆಗೆ ಕಾಣುವ ಜಾಗ ಹೆಚ್ಚೀತು, ವರ್ಧನೆ ಹೆಚ್ಚದು. ವರ್ಧನೆಯನ್ನು ನಿರ್ಧರಿಸುವುದು ನಾಭಿದೂರ. ಅದನ್ನು ಅಳೆಯಲು ಪ್ರಯೋಗಶಾಲೆ ಬೇಡ. ಕಿಟಕಿಗೆ ಎದುರಾದ ಗೋಡೆಯ ಮುಂದೆ ಮಸೂರವನ್ನು ಹಿಂದೆ ಮುಂದೆ ಸರಿಸಿದರೆ, ದೂರದ ಮರದ ತಲೆಕೆಳಗಾದ ಬಿಂಬ ಸ್ಫುಟವಾಗಿ ಮೂಡುವ ನೆಲೆಯೊಂದು ಸಿಕ್ಕುತ್ತದೆ. ಆಗ ಗಾಜಿಗೂ ಗೋಡೆಗೂ ಇರುವ ಅಂತರವೇ ನಾಭಿದೂರ. ಮಿತ್ರರದು 20 ಸೆಂಟಿಮೀಟರು, ನನ್ನದು 5.

ವಸ್ತುವನ್ನು ಕಣ್ಣಿಗೆ ಹತ್ತಿರ ತಂದಷ್ಟೂ ಅದು ದೊಡ್ಡದಾಗಿ ತೋರುತ್ತದೆ; ಆದರೆ ಸುಮಾರು 25 ಸೆಂಟಿಮೀಟರಿಗಿಂತ ಹತ್ತಿರದ್ದನ್ನು ಸಾಧಾರಣ ಕಣ್ಣು ಆಯಾಸವಿಲ್ಲದೆ ನೋಡಲಾರದು. ಮಸೂರದ ಉಪಕಾರವೆಲ್ಲ ಇಲ್ಲಿದೆ: ವಸ್ತುವನ್ನು ನಾಭಿದೂರದಷ್ಟು ಸಮೀಪಕ್ಕೆ ತಂದರೂ ಅದು ಸ್ಪಷ್ಟವಾಗಿ ಕಾಣಗೊಡುತ್ತದೆ. ಆದಕಾರಣ 25ನ್ನು ನಾಭಿದೂರದಿಂದ ಭಾಗಿಸಿದರೆ ವರ್ಧನೆ ದೊರೆಯುತ್ತದೆ. ನನ್ನ ಗಾಜಿಗೆ 5 ಪಟ್ಟು. ಮಿತ್ರರದಕ್ಕೆ ಬರಿಯ ಒಂದೂಕಾಲು! ಗಾಜನ್ನು ಕಣ್ಣಿನ ಬಳಿಯೇ ಹಿಡಿದು, ಬಿಂಬವು 25 ಸೆಂಟಿಮೀಟರಿನಲ್ಲಿ ನಿಲ್ಲುವಂತೆ ವಸ್ತುವನ್ನು ತುಸು ಒಳಕ್ಕೆ ಸರಿಸಿದರೆ, ಎರಡಕ್ಕೂ ಒಂದೊಂದು ಕೂಡಿ 6 ಮತ್ತು ಎರಡೂಕಾಲು ಆಗುತ್ತವೆ.

ನಾಭಿದೂರವನ್ನು ಕುಗ್ಗಿಸುತ್ತಲೇ ಹೋದವನು ಹಾಲೆಂಡಿನ ಡೆಲ್ಫ್ಟ್ ಪಟ್ಟಣದ ಬಟ್ಟೆ ವ್ಯಾಪಾರಿ ಲೇವನ್‌ಹುಕ್ (1632–1723). ಉಳಿದು ಬಂದಿರುವ ಆತನ ಉಪಕರಣಗಳಲ್ಲೊಂದು ಸುಮಾರು 270 ಪಟ್ಟು ಹಿಗ್ಗಿಸುತ್ತದೆ. ಅದರಲ್ಲಿರುವುದು ಒಂದೇ ಮಸೂರ. ಮೇಲಿನ ಲೆಕ್ಕದಂತೆ ನಾಭಿದೂರ ಒಂದು ಮಿಲಿಮೀಟರಿಗೂ ಕಡಿಮೆ. ನೀರಿನಲ್ಲಿ ತಾನು ಕಂಡ ಸೂಕ್ಷ್ಮಜೀವಿಗಳನ್ನು ಆತನು 1676ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಗೆ ಪತ್ರ ಬರೆದು ವರ್ಣಿಸಿದನು. ನಾಭಿದೂರ ತಗ್ಗಬೇಕಾದರೆ ಗಾಜಿನ ಉಬ್ಬು ಹೆಚ್ಚಬೇಕು. ಉಬ್ಬು ಹೆಚ್ಚಿದಂತೆ ಗಾಜು ಗುಂಡಾಗುತ್ತ ಬಂದು, ಅಗಲವಾಗಿರಲು ಅವಕಾಶವೇ ಉಳಿಯದು. ಬಲವಾದ ಗಾಜುಗಳು ಚಿಕ್ಕವಾಗಿರುವುದು ಅದಕ್ಕಾಗಿಯೇ.

ಅಂಥ ಗಾಜು ನಮ್ಮ ಓಲೆಗೆ ಮಾತ್ರ ಸಲ್ಲದು. ಅದು ಗರಿಯನ್ನು ಮುಟ್ಟುವಂತಿದ್ದು ಬೆಳಕನ್ನು ಮರೆಮಾಡುತ್ತದೆ. ಒಂದಕ್ಷರದ ಒಂದು ಮೂಲೆ ಕಂಡರೆ ಹೆಚ್ಚು. ಸಾಲು ಹಿಡಿದು ಓದುವುದಕ್ಕೆ 8 ಸೆಂಟಿಮೀಟರು ನಾಭಿದೂರದ, ಮೂರು ಪಟ್ಟು ಹಿಗ್ಗಿಸುವ ಗಾಜು ಹಿತ. ಪಕಾರವೋ ಷಕಾರವೋ ಎಂಬ ಸಂದೇಹ ಬಂದೆಡೆ 5 ಸೆಂಟಿಮೀಟರಿನದನ್ನು ಕೈಗೆತ್ತಿಕೊಳ್ಳಬೇಕು.