ಆರು ಗಂಟೆಯ ಮೆಸೇಜು ಹನ್ನೊಂದೂವರೆಗೆ

ಜೋರು ಮಳೆ ಬಂದರೆ ಪಂಪ್‌ವೆಲ್ ಫ್ಲೈಓವರ್ ಅಡಿಯಲ್ಲಿ ನೀರು ನಿಲ್ಲುತ್ತದೆ. ಬಸ್ಸು ಲೇಟು, ಫಸ್ಟ್ ಅವರ್ ಅಟೆಂಡೆನ್ಸ್ ಹೋಯ್ತು. ಅದಕ್ಕೇ ನಾವು ಬೆಳಿಗ್ಗೆ ಆರಕ್ಕೆ ಮಳೆ ಮುನ್ಸೂಚನೆ ಕಳಿಸುವ ಲ್ಯಾಂಬ್ಡಾ ಫಂಕ್ಷನ್ ಬರೆದು, ಅಮೆಜಾನ್ ಕ್ಲೌಡಿನ ಈವೆಂಟ್‌ಬ್ರಿಜ್‌ನಲ್ಲಿ ರೂಲ್ ಮಾಡಿದೆವು. ಪೈಥಾನಿನ ಬೋಟೊ3 ಲೈಬ್ರರಿಯಲ್ಲಿ ಮೂರು ಕೆಲಸ: ಪುಟ್ ರೂಲ್‌ನಲ್ಲಿ ಯಾವಾಗ ಅಂತ ಹೇಳಬೇಕು, ಪುಟ್ ಟಾರ್ಗೆಟ್ಸ್‌ನಲ್ಲಿ ಯಾರನ್ನು ಎಬ್ಬಿಸಬೇಕು ಅಂತ, ಲ್ಯಾಂಬ್ಡಾದ ಆ್ಯಡ್ ಪರ್ಮಿಷನ್‌ನಲ್ಲಿ ಎಬ್ಬಿಸಲು ಒಪ್ಪಿಗೆ. ಮೂರನೆಯದು ಮರೆತರೆ ಕೋಡ್ ಎರರ್ ಕೊಡಲ್ಲ, ಲ್ಯಾಂಬ್ಡಾ ಏಳೋದೂ ಇಲ್ಲ. ನಮಗೆ ಇದರಲ್ಲೇ ಎರಡು ದಿನ ಹೋಯ್ತು ಮಾರ್ರೆ.

ಆಮೇಲೆ ಟೈಮು. ನಾವು ಬರೆದದ್ದು ಕ್ರಾನ್(0 6 * * ? *). ಮೆಸೇಜು ಬಂದದ್ದು 11:30ಕ್ಕೆ, ಎಲ್ಲರೂ ಒದ್ದೆಯಾಗಿ ಕ್ಲಾಸಲ್ಲಿ ಕೂತ ಮೇಲೆ! ಈ ರೂಲ್‌ಗಳ ಗಡಿಯಾರ ಯುಟಿಸಿ. ನಮ್ಮದು ಐದೂವರೆ ಗಂಟೆ ಮುಂದೆ. ಮೊದಲು ನಿಮಿಷ, ಆಮೇಲೆ ಗಂಟೆ, ಹಾಗಾಗಿ ಸರಿಯಾದದ್ದು ಕ್ರಾನ್(30 0 * * ? *). ಸೋಮವಾರ ಬೆಳಿಗ್ಗೆ ಐದಕ್ಕೆ ಬೇಕಿದ್ದರೆ ವಾರವೇ ಬದಲು, ಯುಟಿಸಿಯಲ್ಲಿ ಅದು ಭಾನುವಾರ 23:30. ಈ ಲೆಕ್ಕ ಬೇಡವೆಂದರೆ 2022ರಲ್ಲಿ ಬಂದ ಈವೆಂಟ್‌ಬ್ರಿಜ್ ಶೆಡ್ಯೂಲರ್ ಬಳಸಿ, ಅದರಲ್ಲಿ ನಮ್ಮ ಟೈಮ್‌ಝೋನನ್ನೇ ಕೊಡಬಹುದು.

ಆದರೆ ಮಳೆ ಟೈಮ್‌ಟೇಬಲ್ ನೋಡಿ ಬರಲ್ಲ. ಅದಕ್ಕೆ ಎರಡನೇ ರೂಲ್: ಪಂಪ್‌ವೆಲ್‌ನಲ್ಲಿ ಬಸ್ಸಿಳಿದವರು ನೀರಿನ ಫೋಟೋ ಎಸ್3 ಬಕೆಟ್‌ಗೆ ಹಾಕಿದ ಕೂಡಲೇ ಉಳಿದವರಿಗೆ ಮೆಸೇಜು. ಇಲ್ಲಿ ಪುಟ್ ರೂಲ್‌ಗೆ ಕ್ರಾನ್ ಬದಲು ಈವೆಂಟ್ ಪ್ಯಾಟರ್ನ್ ಕೊಡಬೇಕು. ಬಕೆಟ್‌ನ ಸೆಟ್ಟಿಂಗ್‌ನಲ್ಲಿ ಈವೆಂಟ್‌ಬ್ರಿಜ್ ಆನ್ ಮಾಡಿರದಿದ್ದರೆ ಫೋಟೋ ಬಂದದ್ದು ರೂಲ್‌ಗೆ ಗೊತ್ತೇ ಆಗಲ್ಲ.