ಊರಿಗೊಂದು ಪ್ರತಿ

2024ರ ಅಕ್ಟೋಬರ್ ಮಳೆಗೆ ಯಲಹಂಕದ ಕೇಂದ್ರೀಯ ವಿಹಾರದ ನಿವಾಸಿಗಳನ್ನು ದೋಣಿಯಲ್ಲಿ ಹೊರಗೆ ತಂದದ್ದನ್ನು ಜಕ್ಕೂರಿನವರು ಮರೆತಿರಲಾರರು. ಯಲಹಂಕ ಕೆರೆಯ ನೀರು ಹರಿದು ಬರುವುದು ನಮ್ಮ ಕೆರೆಗೇ, ಇಲ್ಲಿಂದ ಮುಂದೆ ರಾಚೇನಹಳ್ಳಿಗೆ. ಹಾಗಾಗಿ ಮದುವೆ ಫೋಟೋ, ಮನೆ ಪತ್ರಗಳ ಸ್ಕ್ಯಾನು, ಅಜ್ಜಿ ಹಾಡಿದ ಸೋಬಾನೆಯ ರೆಕಾರ್ಡಿಂಗು ಇವುಗಳ ಇನ್ನೊಂದು ಪ್ರತಿಯನ್ನು ಯಲಹಂಕದ ನಾದಿನಿ ಮನೆಯಲ್ಲಿಟ್ಟರೆ ಸಾಲದು. ಅದು ತುಮಕೂರಿಗೋ ಧಾರವಾಡಕ್ಕೋ ಹೋಗಬೇಕು.

ಈ ಉಪಾಯ ಹಳೆಯದು. ಫ.ಗು. ಹಳಕಟ್ಟಿಯವರು ವಚನಗಳನ್ನು ಹುಡುಕಿ ಹೊರಟಾಗ ಓಲೆಗರಿಯ ಕಟ್ಟುಗಳು ಹಲವು ಮನೆ, ಮಠಗಳಲ್ಲಿ ಹಂಚಿಹೋಗಿದ್ದವು. ಒಂದು ಕಡೆ ಗೆದ್ದಲು ಹಿಡಿದರೂ ಇನ್ನೊಂದು ಕಡೆ ಉಳಿಯುವ ದಾರಿ ಅದು.

ಈಗ ಡ್ರೈವಿನ ಮಾತು. ಅಂಗಡಿಗೆ ಹೋದರೆ ಮೊದಲು ಕಣ್ಣಿಗೆ ಬೀಳುವುದು ಎಸ್‌ಎಸ್‌ಡಿ. ವೇಗ ಹೆಚ್ಚು, ಕೈಜಾರಿ ಬಿದ್ದರೂ ತಡೆಯುತ್ತದೆ. ದಿನಬಳಕೆಗೆ ನಾನೂ ಅದನ್ನೇ ಹೇಳುತ್ತೇನೆ. ಆದರೆ ಅದರೊಳಗೆ ಮಾಹಿತಿ ನಿಂತಿರುವುದು ಪುಟ್ಟ ಕೋಶಗಳಲ್ಲಿ ಹಿಡಿದಿಟ್ಟ ಚಾರ್ಜಿನ ರೂಪದಲ್ಲಿ. ಕರೆಂಟಿನ ಸಂಪರ್ಕವಿಲ್ಲದೆ ಬೀರುವಿನಲ್ಲಿ ಕೂತರೆ ಆ ಚಾರ್ಜು ನಿಧಾನವಾಗಿ ಸೋರುತ್ತದೆ, ಸೆಕೆಯಲ್ಲಿ ಇನ್ನೂ ಬೇಗ. ಮನೆಬಳಕೆಯ ಎಸ್‌ಎಸ್‌ಡಿಗೆ ಜೆಡೆಕ್ ಸಂಸ್ಥೆ ಗೊತ್ತುಮಾಡಿದ ಮಾನಕ ಇಷ್ಟೇ: ಬರೆಯುವ ಆಯುಷ್ಯ ಪೂರ್ತಿ ಸವೆದ ಮೇಲೆ, 30 ಡಿಗ್ರಿಯಲ್ಲಿ ಒಂದು ವರ್ಷ. ಹೊಸದು ಅದಕ್ಕಿಂತ ಹೆಚ್ಚು ಕಾಲ ಹಿಡಿದಿಡುತ್ತದೆ ನಿಜ. ಆದರೂ ವರ್ಷಗಟ್ಟಲೆ ಮುಟ್ಟದೆ ಇಡುವ ಪ್ರತಿಗೆ ನಾನು ಅದನ್ನು ಆರಿಸುವುದಿಲ್ಲ. ಪೆನ್‌ಡ್ರೈವಂತೂ ಬೇಡವೇ ಬೇಡ.

ನಿಮಗೆ ಬೇಕಾದದ್ದು ಸಾಧಾರಣ ಹಾರ್ಡ್‌ಡಿಸ್ಕ್. ಅದರಲ್ಲಿ ಬರಹ ಕಾಂತೀಯವಾಗಿ ಬಿಲ್ಲೆಯ ಮೇಲೆ ಕೂತಿರುತ್ತದೆ, ಕರೆಂಟಿಲ್ಲದಿದ್ದರೂ ಅಲ್ಲೇ ಇರುತ್ತದೆ. ವಿವರ ಓದುವಾಗ ಸಿಎಂಆರ್, ಎಸ್‌ಎಂಆರ್ ಎಂಬ ಎರಡು ಹೆಸರು ಸಿಗಬಹುದು. ಸಿಎಂಆರ್ ಅಂದರೆ ಸಾಲುಗಳು ಒಂದರ ಪಕ್ಕ ಒಂದು. ಎಸ್‌ಎಂಆರ್ ಅಂದರೆ ಮಂಗಳೂರು ಹೆಂಚು ಹೊದಿಸಿದಂತೆ, ಒಂದು ಸಾಲಿನ ಅಂಚಿನ ಮೇಲೆ ಇನ್ನೊಂದು ಸಾಲು. ನಡುವಿನ ಹೆಂಚು ಬದಲಿಸಲು ಸುತ್ತಲಿನವನ್ನೂ ಎಬ್ಬಿಸಬೇಕಲ್ಲ, ಹಾಗೇ ಇಲ್ಲೂ ತಿದ್ದಿ ಬರೆಯುವುದು ತಡ. ಒಮ್ಮೆ ತುಂಬಿಸಿ ಇಡುವವರಿಗೆ ಅದರಿಂದ ತೊಂದರೆಯಿಲ್ಲ, ಹೆದರಬೇಡಿ. ಇನ್ನೊಂದು ಗಾಬರಿ ಎಲ್ಲರಿಗೂ ಆಗುತ್ತದೆ: ಡಬ್ಬಿಯ ಮೇಲೆ 1 ಟಿಬಿ, ವಿಂಡೋಸ್‌ನಲ್ಲಿ ನೋಡಿದರೆ 931 ಜಿಬಿ. ಮೋಸವಲ್ಲ. ಕಂಪನಿ ಸಾವಿರದ ಲೆಕ್ಕದಲ್ಲಿ ಎಣಿಸುತ್ತದೆ, ವಿಂಡೋಸ್ 1024ರ ಲೆಕ್ಕದಲ್ಲಿ.

ಎರಡು ಡ್ರೈವ್ ಕೊಳ್ಳಿ, ಬೇರೆ ಬೇರೆ ಕಂಪನಿಯವು. ಒಂದೇ ದಿನ ಒಂದೇ ಬ್ಯಾಚಿನದು ತಂದರೆ ಒಂದರ ದೋಷ ಇನ್ನೊಂದರಲ್ಲೂ ಇರಬಹುದು. ಒಂದು ಜಕ್ಕೂರಿನಲ್ಲಿ, ಇನ್ನೊಂದು ಊರಿನಲ್ಲಿ. ಊರಿಗೆ ಹೋಗುವುದಕ್ಕೆ ಬಿಟ್‌ಲಾಕರ್ ಅಥವಾ ವೆರಾಕ್ರಿಪ್ಟ್ ಬೀಗ ಹಾಕಿ, ಪಾಸ್‌ವರ್ಡನ್ನು ಕಾಗದದಲ್ಲಿ ಬರೆದು ಬೇರೆ ಕಡೆ ಇಡಿ. ಬೀಗದ ಕೈ ಕಳೆದರೆ ಮುರಿದು ತೆಗೆಯಲು ಯಾರಿಂದಲೂ ಆಗದು. ಮಲೆನಾಡಿನ ಮನೆಯಾದರೆ ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ.

ಹಾರ್ಡ್‌ಡಿಸ್ಕೂ ಚಿರಂಜೀವಿಯಲ್ಲ, ಅದರ ಮೋಟಾರು ಕಚ್ಚಿಕೊಳ್ಳಬಹುದು. ಓಲೆಗರಿಗೆ ಆಗಾಗ ಎಣ್ಣೆ ಸವರುವ ಹಾಗೆ ಇದನ್ನೂ ವರ್ಷಕ್ಕೊಮ್ಮೆ ಹೊರತೆಗೆದು ಓದಬೇಕು. ನಾನು ದೀಪಾವಳಿಗೆ ಊರಿಗೆ ಹೋದಾಗ ಲ್ಯಾಪ್‌ಟಾಪಿಗೆ ಸಿಕ್ಕಿಸಿ, ಬರೆದ ದಿನ ಉಳಿಸಿಕೊಂಡ ಚೆಕ್‌ಸಮ್‌ಗಳನ್ನು ತಾಳೆ ನೋಡುತ್ತೇನೆ. ಚೆಕ್‌ಸಮ್ ಅಂದರೆ ಕಡತದೊಳಗಿನ ಮಾಹಿತಿಯಿಂದ ಲೆಕ್ಕಹಾಕಿದ ಒಂದು ಸಂಖ್ಯೆ, ಒಂದು ಅಕ್ಷರ ಕೆಟ್ಟರೂ ಅದು ಬೇರೆ ಬರುತ್ತದೆ. ಎಲ್ಲ ಸರಿಯಿದ್ದರೆ ಡ್ರೈವಿನ ಬೆನ್ನಿಗೆ ಅಂಟಿಸಿದ ಚೀಟಿಯಲ್ಲಿ ಹಿಂದಿನ ತಾರೀಖಿನ ಕೆಳಗೆ ಆ ದಿನದ್ದನ್ನು ಬರೆಯುತ್ತೇನೆ.