ಮಾಸು ಪೂರ್ತಿ ಬಿತ್ತೇನ್ರಿ?

ಹೆರಿಗೆ ಆದ ಕೂಡಲೆ ಎಲ್ಲರ ಕಣ್ಣು ಕೂಸಿನ ಕಡೆ. ನೀವು ಮಾತ್ರ ನರ್ಸಬಾಯಿಗೆ ಒಂದು ಮಾತು ಕೇಳಿ: "ಮಾಸು ಪೂರ್ತಿ ಬಿತ್ತೇನ್ರಿ?"

ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಮಾಸು ಬೀಳುತ್ತದೆ. ಒಮ್ಮೊಮ್ಮೆ ಚಿಕ್ಕ ಚೂರು ಗರ್ಭಕೋಶದಲ್ಲಿ ಉಳಿಯುತ್ತದೆ. ಆಗ ಗರ್ಭಕೋಶ ಸರಿಯಾಗಿ ಬಿಗಿಯುವುದಿಲ್ಲ, ರಕ್ತ ನಿಲ್ಲುವುದಿಲ್ಲ. ನಂಜೂ ಆಗಬಹುದು.

"ಬಾಣಂತಿಗೆ ರಕ್ತ ಹೋಗೋದು ಇದ್ದದ್ದೇ" ಅಂತ ಹಿರಿಯರು ಹೇಳ್ತಾರೆ. ಅದು ಅರ್ಧ ನಿಜ. ರಕ್ತ ದಿನದಿನಕ್ಕೆ ಕಡಿಮೆ ಆಗಬೇಕು. ಕಡಿಮೆ ಆದದ್ದು ಮತ್ತೆ ಕೆಂಪಗೆ ಹರಿದರೆ, ಗಡ್ಡೆ ಬಿದ್ದರೆ, ಕೆಟ್ಟ ವಾಸನೆ, ಚಳಿಜ್ವರ, ಕಿಬ್ಬೊಟ್ಟೆ ನೋವು ಇದ್ದರೆ ಅಂದೇ ಆಸ್ಪತ್ರೆಗೆ ಹೋಗಿ. ಒಂದು ಗಂಟೆಯಲ್ಲಿ ಪ್ಯಾಡ್ ಪೂರ್ತಿ ನೆನೆದರೆ ಕೂಡಲೆ 108ಕ್ಕೆ ಫೋನ್ ಮಾಡಿ.

"ಹೊಟ್ಟೆ ಕೊಯ್ತಾರೇನ್ರಿ?" ಸಾಮಾನ್ಯವಾಗಿ ಇಲ್ಲ. ಮೊದಲು ಸೋನೋಗ್ರಫಿ ಮಾಡಿ ನೋಡುತ್ತಾರೆ. ರಕ್ತ ಜೋರಾಗಿದ್ದರೆ ಹೆರಿಗೆಯ ದಾರಿಯಿಂದಲೇ ನಳಿಗೆ ಹಾಕಿ ಚೂರನ್ನು ಹೀರಿ ತೆಗೆಯುತ್ತಾರೆ. ರಕ್ತ ಹತೋಟಿಯಲ್ಲಿದ್ದರೆ ದೊಡ್ಡ ಆಸ್ಪತ್ರೆಗಳಲ್ಲಿ ಹಿಸ್ಟರೋಸ್ಕೋಪಿ ಮಾಡುವುದುಂಟು. ಕ್ಯಾಮೆರಾ ಇರುವ ಸಣ್ಣ ದುರ್ಬೀನು ಅದೇ ದಾರಿಯಿಂದ ಒಳಗೆ ಹೋಗುತ್ತದೆ. ಡಾಕ್ಟರು ಚೂರನ್ನು ಪರದೆಯ ಮೇಲೆ ನೋಡುತ್ತಲೇ ತೆಗೆಯುತ್ತಾರೆ. ಕಾಣದೆ ಕೆರೆದರೆ ಗರ್ಭಕೋಶದ ಒಳಪದರಕ್ಕೆ ಗಾಯವಾಗಿ ಮುಂದೆ ಬಸಿರಾಗಲು ತೊಂದರೆ ಆಗಬಹುದು. ಕಂಡು ತೆಗೆದರೆ ಆ ಭಯ ಕಡಿಮೆ. ಹೊಟ್ಟೆಯ ಮೇಲೆ ಹೊಲಿಗೆ ಇಲ್ಲ. ಹೆಚ್ಚಿನವರು ಅದೇ ದಿನ ಮನೆಗೆ ಬರುತ್ತಾರೆ.

ಸೊಲ್ಲಾಪುರ, ಅಕ್ಕಲಕೋಟ, ಜತ್ತದ ಅಕ್ಕಂದಿರೇ, ಡಾಕ್ಟರು ಮರಾಠಿಯಲ್ಲಿ "ವಾರ" ಎಂದರೆ ಗಲಿಬಿಲಿ ಬೇಡ. ಅದು ಸೋಮವಾರ, ಮಂಗಳವಾರದ ವಾರ ಅಲ್ಲ. ನಮ್ಮ ಮಾಸಿಗೆ ಅಲ್ಲಿಯ ಹೆಸರು. ಹೆರಿಗೆಯ ಚೀಟಿಯನ್ನೂ ಸಂಗಡ ಒಯ್ಯಿರಿ.